ಕೀಲಿಮಣೆ ಮಾತು ಬಿಟ್ಟಾಗ

ರಾತ್ರಿ ಹತ್ತೂವರೆ ಗಂಟೆ. ಮಗಳು ಕಂಪ್ಯೂಟರಿನ ಮುಂದೆ ಕುಳಿತು ಕಾಲೇಜು ಪ್ರವೇಶದ ಅರ್ಜಿಯನ್ನು ತುಂಬುತ್ತಿದ್ದಾಳೆ. ಹನ್ನೆರಡು ಹೊಡೆಯುವುದರೊಳಗೆ ಅದು ತಲುಪಬೇಕು; ತಪ್ಪಿದರೆ ಒಂದು ವರ್ಷವೇ ಕೈಬಿಟ್ಟಂತೆ. ತಂದೆ ಕನ್ನಡಕವೇರಿಸಿ ಪಕ್ಕದಲ್ಲಿ ಕುಳಿತು ಅಂಕಪಟ್ಟಿಯನ್ನು ಓದಿ ಹೇಳುತ್ತಿದ್ದಾರೆ. ಭಾವಚಿತ್ರವನ್ನು ಸೇರಿಸಲೆಂದು ಆಗತಾನೆ ಹಾರ್ಡ್ ಡಿಸ್ಕೊಂದನ್ನು ಯಂತ್ರದ ಹಿಂಬದಿಗೆ ಜೋಡಿಸಿದ್ದಾಯಿತು. ಅಷ್ಟರಲ್ಲಿ ತೆರೆಯ ಮೇಲಿನ ಬಾಣ ಒಮ್ಮೆ ತಡವರಿಸಿತು, ಇನ್ನೊಮ್ಮೆ ತಡವರಿಸಿತು, ಕೊನೆಗೆ ನಿಂತೇಹೋಯಿತು. ಕೀಲಿಗಳನ್ನೊತ್ತಿದರೆ ಅಕ್ಷರ ಮೂಡದು. ಮೌಸನ್ನು ಎಳೆದಾಡಿದರೆ ಬಾಣ ಕದಲದು.

"ಒಮ್ಮೆ ಆರಿಸಿ ಹಾಕಬಾರದೇನೆ?" ಎಂದು ತಾಯಿ ಒಳಗಿನಿಂದ ಕೇಳಿದರು. ಮಗಳ ಬೆರಳು ಆಗಲೇ ವಿದ್ಯುತ್ ಗುಂಡಿಯನ್ನು ಸಮೀಪಿಸಿತ್ತು.

ಇಂತಹ ಗಳಿಗೆ ಇಂದು ಯಾವ ಮನೆಗೂ ಅಪರಿಚಿತವಲ್ಲ. ಆದರೆ ಆ ಗುಂಡಿಯನ್ನು ಒತ್ತುವುದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ. ಅರ್ಧ ತುಂಬಿದ ಅರ್ಜಿ, ಉಳಿಸಿಡದ ಲೆಕ್ಕಪತ್ರ, ಬರೆಯುತ್ತಿದ್ದ ಕಾಗದ ಇವೆಲ್ಲವೂ ಆ ಒಂದು ಒತ್ತಿನಿಂದ ಅಳಿಸಿಹೋಗಬಹುದು. ಕೀಲಿಮಣೆ ಮೌನ ತಾಳಿತೆಂದ ಮಾತ್ರಕ್ಕೆ ಕಂಪ್ಯೂಟರು ಕೆಟ್ಟಿತೆಂದು ಅರ್ಥವಲ್ಲ. ಕೀಲಿಮಣೆಯೇ ಕೆಟ್ಟಿತೆಂದೂ ಅರ್ಥವಲ್ಲ.

ಬೆರಳಿನಿಂದ ತೆರೆಯವರೆಗೆ

ಕೀಲಿಗಳ ಕೆಳಗೆ ಅಡ್ಡವಾಗಿಯೂ ಉದ್ದವಾಗಿಯೂ ಹಾಯ್ದ ವಾಹಕ ಗೆರೆಗಳ ಜಾಲವಿದೆ. ಒಂದು ಕೀಲಿಯನ್ನು ಒತ್ತಿದಾಗ ಒಂದು ಅಡ್ಡಗೆರೆಗೂ ಒಂದು ಉದ್ದಗೆರೆಗೂ ಸಂಪರ್ಕವುಂಟಾಗುತ್ತದೆ. ಒಳಗಿರುವ ಪುಟ್ಟ ನಿಯಂತ್ರಕವು ಈ ಜಾಲವನ್ನು ಎಡೆಬಿಡದೆ ಪರೀಕ್ಷಿಸುತ್ತಿದ್ದು, ಯಾವ ಗೆರೆಗಳು ಕೂಡಿದವೆಂಬುದನ್ನು ಅರಿತು ಒಂದು ಸಂಕೇತ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳುಹಿಸುತ್ತದೆ. ಅದನ್ನು ಅಕ್ಷರವನ್ನಾಗಿ ಮಾಡುವುದು ತಂತ್ರಾಂಶದ ಕೆಲಸ.

ಮೌಸಿನ ಕಥೆಯೂ ಸ್ವಾರಸ್ಯಕರವಾದುದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ನಿರ್ಮಿಸಿದ ಮೊದಲ ಮೌಸ್ ಮರದ ತುಂಡಿಗೆ ಎರಡು ಗಾಲಿಗಳನ್ನು ಕೂಡಿಸಿದ ಸಾಧನವಾಗಿತ್ತು. ಇಂದಿನ ಮೌಸಿಗೆ ಗಾಲಿಯಿಲ್ಲ, ಕಣ್ಣಿದೆ. ಅದು ತನ್ನ ಕೆಳಗಿನ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಕ್ಕೂ ಮಿಗಿಲಾಗಿ ತೆಗೆದು, ಒಂದನ್ನೊಂದು ಹೋಲಿಸಿ, ತಾನು ಎತ್ತ ಸರಿದೆನೆಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಜಿನ ಮೇಲೆ ಅನೇಕ ಮೌಸುಗಳು ಕುರುಡಾಗುವುದು ಇದರಿಂದಲೇ. ಅಡಿಯಲ್ಲಿ ಒಂದು ಕಾಗದವನ್ನು ಹಾಸಿದರೆ ಕಣ್ಣು ಮರಳಿ ಬರುತ್ತದೆ.

ಹೀಗೆ ಬೆರಳಿನಿಂದ ತೆರೆಯವರೆಗೆ ಒಂದು ದಾರಿಯಿದೆ. ಆ ದಾರಿಯಲ್ಲಿ ಎಲ್ಲಿ ತಡೆಯಾಗಿದೆಯೆಂದು ಹುಡುಕುವುದೇ ದುರಸ್ತಿಯ ಮರ್ಮ.

ಯಂತ್ರಕ್ಕೆ ಎಚ್ಚರವಿದೆಯೆ?

ಮೊದಲು ತೆರೆಯ ಮೂಲೆಯ ಗಡಿಯಾರವನ್ನು ಒಂದು ನಿಮಿಷ ನೋಡಬೇಕು. ಅಂಕಿ ಬದಲಾದರೆ ಕಂಪ್ಯೂಟರ್ ಎಚ್ಚರವಾಗಿಯೇ ಇದೆ. ಎರಡನೆಯ ಸಾಕ್ಷಿ 'ಕ್ಯಾಪ್ಸ್ ಲಾಕ್' ದೀಪ. ಸಾಮಾನ್ಯವಾದ ತಂತಿಯ ಕೀಲಿಮಣೆ ಈ ದೀಪವನ್ನು ತಾನಾಗಿ ಹೊತ್ತಿಸುವುದಿಲ್ಲ. ಕೀಲಿಯ ಸುದ್ದಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಬಂದ ಮೇಲೆಯೇ ಅದು ಹೊತ್ತುತ್ತದೆ. ದೀಪ ಹೊತ್ತಿ ಆರಿದರೆ ಹೋಗುವ ದಾರಿ, ಬರುವ ದಾರಿ ಎರಡೂ ಸರಿಯಾಗಿವೆ. ತೊಡಕು ಎದುರಿಗಿರುವ ಕಾರ್ಯಕ್ರಮದಲ್ಲಿಯೇ ಇರಬೇಕು.

ಮೌಸ್ ಮಾತ್ರ ನಿಂತಿದ್ದರೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಕೂಡಿ ಒತ್ತಿ ಕೆಲಸವನ್ನು ಉಳಿಸಿಕೊಳ್ಳಬಹುದು. ಕೀಲಿಮಣೆ ಮಾತ್ರ ನಿಂತಿದ್ದರೆ ವಿಂಡೋಸ್‌ನಲ್ಲಿ ತೆರೆಯ ಮೇಲೆಯೇ ಕೀಲಿಮಣೆಯೊಂದನ್ನು ಬರಿಸಿಕೊಂಡು ಮೌಸಿನಿಂದ ಅಕ್ಷರಗಳನ್ನು ಒತ್ತಬಹುದು. ಗಡಿಯಾರವೂ ನಿಂತು ದೀಪವೂ ಕದಲದಿದ್ದರೆ ಕೆಲವು ನಿಮಿಷ ಕಾಯಬೇಕು. ಭಾರವಾದ ಕೆಲಸದಲ್ಲಿ ಮುಳುಗಿದ ಯಂತ್ರ ಮರಳಿ ಚೇತರಿಸಿಕೊಳ್ಳುವುದುಂಟು. ಆಗಲೂ ಫಲವಿಲ್ಲದಿದ್ದರೆ ಮಾತ್ರ ವಿದ್ಯುತ್ ಗುಂಡಿಯನ್ನು ಒತ್ತಿಹಿಡಿದು ಆರಿಸಬೇಕು.

ಎರಡೂ ಒಮ್ಮೆಗೇ ನಿಂತರೆ

ಕೀಲಿಮಣೆಯೂ ಮೌಸೂ ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಯಂತ್ರಕ್ಕೆ ಎಚ್ಚರವಿದ್ದು ಎರಡೂ ಒಟ್ಟಿಗೆ ಸುಮ್ಮನಾದರೆ, ಎರಡಕ್ಕೂ ಸಾಮಾನ್ಯವಾದುದು ಯಾವುದೆಂದು ಕೇಳಿಕೊಳ್ಳಬೇಕು. ಅದು ಎರಡನ್ನೂ ಸಿಕ್ಕಿಸಿರುವ ಒಂದೇ ಯುಎಸ್‌ಬಿ ಹಬ್ ಇರಬಹುದು, ಅಥವಾ ತಂತಿಯಿಲ್ಲದ ಜೋಡಿಯಾದರೆ ಇಬ್ಬರ ಮಾತನ್ನೂ ಕೇಳುವ ಉಗುರಿನಷ್ಟರ ರಿಸೀವರ್ ಇರಬಹುದು. ಅದನ್ನು ಕಿತ್ತು ಬೇರೊಂದು ಕಿಂಡಿಗೆ ನೇರವಾಗಿ ಸಿಕ್ಕಿಸಿ ನೋಡಬೇಕು. ಯುಎಸ್‌ಬಿ ಸಾಧನಗಳನ್ನು ಯಂತ್ರ ನಡೆಯುತ್ತಿರುವಾಗಲೇ ಬದಲಿಸಬಹುದು. ಆದರೆ ಹಳೆಯ ದುಂಡನೆಯ ಪಿಎಸ್/2 ಕೊಂಡಿಯನ್ನು ಯಂತ್ರವನ್ನು ಆರಿಸಿದ ಬಳಿಕವೇ ಮುಟ್ಟಬೇಕು.

ತಂತಿರಹಿತ ಸಾಧನಗಳಿಗೆ ಇನ್ನೊಂದು ಕಾಟವುಂಟು. ಅವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಅಲೆಗಳ ಮೂಲಕ ಮಾತನಾಡುತ್ತವೆ. ಯುಎಸ್‌ಬಿ 3 ಹಾರ್ಡ್ ಡಿಸ್ಕುಗಳೂ ಅವುಗಳ ಕೇಬಲ್ಲುಗಳೂ ಅದೇ ಅಲೆಗಳಲ್ಲಿ ಗದ್ದಲವನ್ನೆಬ್ಬಿಸುತ್ತವೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ಪ್ರಕಟಿಸಿತು. ಸಂತೆಯಲ್ಲಿ ಪಿಸುಮಾತು ಕೇಳಿಸದಂತೆ, ಡಿಸ್ಕಿನ ಪಕ್ಕದಲ್ಲಿರುವ ರಿಸೀವರಿಗೆ ಮೌಸಿನ ದನಿ ಕೇಳಿಸದೆ ಹೋಗುತ್ತದೆ. ಎರಡನ್ನೂ ದೂರವಿಟ್ಟರೆ ಸಾಕು.

ಮಾಡುವ ಬದಲಾವಣೆ ಒಂದು ಸಲಕ್ಕೆ ಒಂದೇ ಆಗಿರಬೇಕು. ಸೆಲ್ಲನ್ನೂ ಬದಲಿಸಿ, ಕಿಂಡಿಯನ್ನೂ ಬದಲಿಸಿದರೆ ದೋಷ ಎಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ.

ಕೆಡದಿದ್ದರೂ ಕೆಟ್ಟಂತೆ

ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ವಿಂಡೋಸ್‌ನಲ್ಲಿ 'ಫಿಲ್ಟರ್ ಕೀಸ್' ಎಂಬ ಏರ್ಪಾಡು ಜಾಗೃತವಾಗುವುದುಂಟು. ನಡುಗುವ ಕೈಗಳವರ ಅನುಕೂಲಕ್ಕಾಗಿ ಮಾಡಿದ ಇದು ಚುಟುಕಾದ ಒತ್ತುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಪುಸ್ತಕವೊಂದು ಆ ಕೀಲಿಯ ಮೇಲೆ ಒರಗಿದ್ದರೂ ಸಾಕು, ಕೀಲಿಮಣೆ ಕೆಟ್ಟಿತೆಂದು ಮನೆಯವರು ಅಂಗಡಿಗೆ ಓಡುತ್ತಾರೆ. ಅಂಕಿಗಳ ಬದಲು ಬಾಣ ಓಡಾಡಿದರೆ 'ನಮ್ ಲಾಕ್' ಆರಿರುತ್ತದೆ. ಒತ್ತಿದ್ದೊಂದು ಮೂಡುವುದೊಂದಾದರೆ ಭಾಷೆ ಬದಲಾಗಿರಬಹುದು; ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಅದು ಸರದಿಯಂತೆ ಬದಲಾಗುತ್ತದೆ.

ಕೆಲವೊಮ್ಮೆ ದೋಷ ದೂರದಿಂದ ಬರುವುದೂ ಉಂಟು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 11ಕ್ಕೆ ಕಳುಹಿಸಿದ ಪರಿಷ್ಕರಣೆಯ ನಂತರ, ತೊಂದರೆಗೊಳಗಾದ ಯಂತ್ರವನ್ನು ಸರಿಪಡಿಸಲೆಂದೇ ಇರುವ ದುರಸ್ತಿ ತೆರೆಯಲ್ಲಿ ಯುಎಸ್‌ಬಿ ಕೀಲಿಮಣೆ, ಮೌಸುಗಳು ನಡೆಯದಾದುವು. ವಿಂಡೋಸ್‌ನ ಒಳಗೆ ಅವು ಎಂದಿನಂತೆ ಸರಿಯಾಗಿದ್ದುವು. ಅದೇ 20ರಂದು ತುರ್ತು ತಿದ್ದುಪಡಿ ಬಂದಿತು. ಹೊಸ ಸಾಧನವನ್ನು ಕೊಳ್ಳುವ ಮೊದಲು ಹಳೆಯದನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಕೆನ್ನುವುದು ಇದಕ್ಕಾಗಿಯೇ. ಅಲ್ಲಿ ನಡೆದರೆ ಸಾಧನ ನಿರಪರಾಧಿ.

ವಿದ್ಯುತ್ ಗುಂಡಿಯನ್ನು ತಡಮಾಡದೆ ಒತ್ತಬೇಕಾದ ಪ್ರಸಂಗವೊಂದಿದೆ: ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿದಾಗ. ಆಗ ಉಳಿಸಬೇಕಾದುದು ಬರವಣಿಗೆಯನ್ನಲ್ಲ, ಯಂತ್ರವನ್ನು. ಕೂಡಲೇ ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಬೋರಲು ಹಾಕಿ ದ್ರವವನ್ನು ಇಳಿಸಿ, ಒಳಗನ್ನು ಬಲ್ಲವರಿಗೆ ತೋರಿಸುವವರೆಗೆ ಮತ್ತೆ ಹಾಕದಿರುವುದು ಲೇಸು.

ಇತ್ತ ಆ ಮನೆಯಲ್ಲಿ ಮಗಳ ಬೆರಳು ಗುಂಡಿಯನ್ನು ಮುಟ್ಟುವ ಮೊದಲೇ ತಂದೆ, "ತಾಳಮ್ಮ, ಗಡಿಯಾರ ನೋಡು" ಎಂದರು. 10:34 ಇದ್ದುದು 10:35 ಆಯಿತು. ಯಂತ್ರಕ್ಕೆ ಎಚ್ಚರವಿತ್ತು. ಹಿಂಬದಿಯಲ್ಲಿ ರಿಸೀವರ್ ಹಾರ್ಡ್ ಡಿಸ್ಕಿನ ಕೊಂಡಿಗೆ ಅಂಟಿಕೊಂಡಂತೆ ಕುಳಿತಿತ್ತು. ಅದನ್ನು ಕಿತ್ತು ಮುಂಬದಿಯ ಕಿಂಡಿಗೆ ಸಿಕ್ಕಿಸಿದ ಕೆಲವೇ ಕ್ಷಣಗಳಲ್ಲಿ ಬಾಣ ಕದಲಿತು. ತುಂಬಿದ ಅಕ್ಷರಗಳು ಒಂದೂ ಹೋಗಿರಲಿಲ್ಲ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅರ್ಜಿ ಹೊರಟುಹೋಯಿತು.

ಮರುದಿನ ಸಂಜೆ ತಂದೆ ತಂತಿಯುಳ್ಳ ಅಗ್ಗದ ಮೌಸೊಂದನ್ನು ತಂದು ಮೇಜಿನ ಖಾನೆಯಲ್ಲಿಟ್ಟರು, ದೀಪ ಹೋಗುವ ಕಾಲಕ್ಕೆಂದು ಹಿಂದಿನವರು ಮೇಣದ ಬತ್ತಿಯನ್ನಿಡುತ್ತಿದ್ದಂತೆ.