ಕಲಿತ ವ್ಯಾಪಾರವನ್ನು ಊರಿಗೆಲ್ಲ ಯಾಕೆ ಹೇಳಿಕೊಡುತ್ತೇನೆ?

“ಅಲ್ಲಣ್ಣ, ನೀನು ಇಪ್ಪತ್ತೈದು ವರ್ಷ ಕಷ್ಟಪಟ್ಟು ಕಲಿತದ್ದನ್ನು ಕಂಡಕಂಡವರಿಗೆಲ್ಲ ಹೇಳಿಕೊಡ್ತೀಯಲ್ಲ, ನಾಳೆ ಅವರೇ ನಿನಗೆ ಎದುರು ನಿಂತರೆ ಏನ್ ಮಾಡ್ತೀಯ?”

ಹುಣಸೆ ಸುಗ್ಗಿ ಬಂತೆಂದರೆ ನನಗೆ ಈ ಮಾತು ತಪ್ಪಿದ್ದಲ್ಲ. ಕೇಳುವವರು ನನ್ನ ಒಳ್ಳೆಯದಕ್ಕೇ ಕೇಳುತ್ತಾರೆ. ಎದುರು ನಿಂತವರೂ ಇದ್ದಾರೆ, ಸುಳ್ಳಲ್ಲ. ಆದರೂ ಹೇಳಿಕೊಡುವುದನ್ನು ನಿಲ್ಲಿಸಿಲ್ಲ. ಯಾಕೆಂದು ಇಲ್ಲಿ ಬರೆದಿದ್ದೇನೆ.

ನಮ್ಮದು ಪಾವಗಡದ ಕಡೆ. ನಾಲ್ಕು ಎಕರೆ ಖುಷ್ಕಿ. ಮಳೆ ಬಂದರೆ ಕಡಲೆಕಾಯಿ, ಕೈಕೊಟ್ಟರೆ ಹುರುಳಿ. ಬದುವಿನಲ್ಲಿ ಅಜ್ಜನ ಕಾಲದ ಹನ್ನೊಂದು ಹುಣಸೆ ಮರ. ನಾನು ಓದಿದ್ದು ಏಳನೇ ಕ್ಲಾಸು. ಮೊದಲೆಲ್ಲ ನಾವೂ ಬೇರೆಯವರ ಹಾಗೆ ದೀಪಾವಳಿ ಹೊತ್ತಿಗೆ ಎಳೆಗಾಯಿ ತೋರಿಸಿ ಮರ ಗುತ್ತಿಗೆ ಕೊಡುತ್ತಿದ್ದೆವು. ಮರದಲ್ಲಿ ಎಷ್ಟು ಕಾಯಿ ಇದೆಯೋ ನಮಗೆ ಗೊತ್ತಿಲ್ಲ, ಗುತ್ತಿಗೆಯವನಿಗೆ ಗೊತ್ತು. ಅವನು ಹೇಳಿದ್ದೇ ರೇಟು.

ಎತ್ತು ಮಾರಿ ಕಲಿತ ಪಾಠ

1996ರಲ್ಲಿ ನಾನೇ ವ್ಯಾಪಾರ ಮಾಡೋಣ ಅಂತ ಹೊರಟೆ. ನಮ್ಮ ಮರಗಳ ಜೊತೆ ಅಕ್ಕಪಕ್ಕದವರ ಇಪ್ಪತ್ತು ಮರ ಗುತ್ತಿಗೆ ಹಿಡಿದೆ. ಕೈಸಾಲ ಮಾಡಿದ್ದೆ. ಮೂರು ತಪ್ಪು ಮಾಡಿದೆ.

ಒಂದು, ಕಾಯಿ ತೂಕವನ್ನೇ ಹಣ್ಣಿನ ತೂಕ ಅಂದುಕೊಂಡು ಲೆಕ್ಕ ಹಾಕಿದೆ. ಎರಡು, ರೇಟು ಏರಲಿ ಅಂತ ಹಣ್ಣನ್ನು ಮನೆಯಲ್ಲೇ ಆಷಾಢದವರೆಗೂ ಇಟ್ಟೆ. ಮಳೆಗಾಲದ ತೇವಕ್ಕೆ ಹಣ್ಣು ನೀರು ಬಿಟ್ಟು ಕಪ್ಪಾಯಿತು. ಮೂರು, ಆ ಕಪ್ಪು ಹಣ್ಣನ್ನೂ ಒಬ್ಬ ಮಂಡಿಯವನಿಗೆ ಉದ್ರಿ ಕೊಟ್ಟೆ. ಚೀಟಿ ಇಲ್ಲ, ರಸೀದಿ ಇಲ್ಲ. ಅರ್ಧ ದುಡ್ಡು ಬಂತು, ಉಳಿದದ್ದು ಬರಲೇ ಇಲ್ಲ.

ಸಾಲ ತೀರಿಸಲು ಎತ್ತಿನ ಜೋಡಿ ಮಾರಿದೆ. ಸಾಲದ್ದಕ್ಕೆ ಮನೆಯವಳ ಓಲೆಯೂ ಹೋಯಿತು. ಆ ವರ್ಷ ಮುಂಗಾರಿಗೆ ಬೇರೆಯವರ ಆರಿಗೆ ಕಾದು ಕೂತು, ಬಿತ್ತನೆ ಹದಿನೈದು ದಿನ ತಡವಾಯಿತು. ಇದನ್ನು ಯಾಕೆ ಹೇಳಿದೆ ಎಂದರೆ, ನಮ್ಮೂರಲ್ಲೇ ಈ ಮೂರು ವಿಷಯ ಗೊತ್ತಿದ್ದ ಹಿರಿಯರೊಬ್ಬರಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಲ್ಲ ಮುಗಿದ ಮೇಲೆ, “ನಂಗೆ ಗೊತ್ತಿತ್ತು ಕಣಪ್ಪಾ, ಹಿಂಗೇ ಆಯ್ತದೆ ಅಂತ” ಅಂದರು. ಆ ಮಾತು ಎತ್ತು ಹೋದದ್ದಕ್ಕಿಂತ ಹೆಚ್ಚು ಉರಿಸಿತು.

ನಾನು ಹೇಳಿಕೊಡುವುದು ಇಷ್ಟೇ

ಮೊದಲನೆಯದು ತೂಕದ ಲೆಕ್ಕ. ಹುಣಸೆ ಕಾಯಿ 100 ಕೆಜಿ ಇದ್ದರೆ ಅದರಲ್ಲಿ ಹಣ್ಣು ಸುಮಾರು 55 ಕೆಜಿ, ಬೀಜ 34 ಕೆಜಿ, ಓಡು ಮತ್ತು ನಾರು 11 ಕೆಜಿ. ಮರದಿಂದ ಮರಕ್ಕೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಕಾಯಿಗೆ ಕೆಜಿಗೆ 20 ರೂಪಾಯಿ ಎಂದು ಇಟ್ಟುಕೊಳ್ಳಿ (ಲೆಕ್ಕಕ್ಕೆ ಹಿಡಿದದ್ದು, ಇವತ್ತಿನ ಧಾರಣೆ ಅಲ್ಲ). 100 ಕೆಜಿಗೆ 2000 ರೂಪಾಯಿ. ಅದನ್ನು 55ರಿಂದ ಭಾಗಿಸಿ. ಹಣ್ಣು ಕೆಜಿಗೆ 36 ರೂಪಾಯಿ ಚಿಲ್ಲರೆ ಆಯಿತು. ಇದರ ಮೇಲೆ ಮರ ಹತ್ತಿ ಉದುರಿಸುವ ಕೂಲಿ, ಆಯುವುದು, ಓಡು ಬಿಡಿಸಿ ಕುಟ್ಟಿ ಬೀಜ ತೆಗೆಯುವುದು, ಚೀಲ, ಗಾಡಿ ಬಾಡಿಗೆ. ಇವೆಲ್ಲ ಕೆಜಿಗೆ 18 ರೂಪಾಯಿ ಆದರೆ ನಿಮ್ಮ ಅಸಲೇ 54 ದಾಟಿತು. 20ಕ್ಕೆ ಕೊಂಡು 50ಕ್ಕೆ ಮಾರಿದೆ, 30 ರೂಪಾಯಿ ಲಾಭ ಅಂತ ಬೀಗುವವನು ನಿಜವಾಗಿ ಕೆಜಿಗೆ 4 ರೂಪಾಯಿ ಕಳೆದುಕೊಂಡಿರುತ್ತಾನೆ. ಬೀಜದ ದುಡ್ಡು ಬರುತ್ತದೆ. ಅದರ ಪುಡಿಯನ್ನು ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬಳಸುತ್ತಾರೆ. ಆದರೆ ಅದನ್ನು ಮಾರಿ ದುಡ್ಡು ಕೈಗೆ ಬಂದ ಮೇಲೆ ಲೆಕ್ಕಕ್ಕೆ ಸೇರಿಸಿ, ಮೊದಲೇ ಅಲ್ಲ.

ಎರಡನೆಯದು ಮನೆಯವರ ಕೂಲಿ. “ನಮ್ಮ ಹೆಂಗಸರೇ ಕುಟ್ಟಿದ್ರು, ಖರ್ಚೇ ಇಲ್ಲ” ಅನ್ನುತ್ತಾರೆ. ಅದೇ ಹೆಂಗಸರು ಬೇರೆಯವರ ಮನೆಗೆ ಕುಟ್ಟಲು ಹೋಗಿದ್ದರೆ ಸಂಜೆಗೆ ಕೂಲಿ ತರುತ್ತಿರಲಿಲ್ಲವೇ? ಪುಸ್ತಕದಲ್ಲಿ ಬರೆಯಿರಿ.

ಮೂರನೆಯದು ಇಡುವ ಲೆಕ್ಕ. ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣಿನ ಬಣ್ಣ ಉಳಿಯುತ್ತದೆ, ಮನೆಯಲ್ಲಿ ಉಳಿಯದು. ಬಾಡಿಗೆ, ಸಾಲದ ಬಡ್ಡಿ ಎರಡೂ ಕಳೆದು ಮಿಗುವುದಾದರೆ ಮಾತ್ರ ಇಡಿ. ಇಲ್ಲವಾದರೆ ಸುಗ್ಗಿಯಲ್ಲೇ ಮಾರಿ ಕೈ ತೊಳೆದುಕೊಳ್ಳಿ.

ನಾಲ್ಕನೆಯದು ಚೀಟಿ. ಮಂಡಿಯಲ್ಲಿ ಬಿಳಿ ಚೀಟಿ ತೆಗೆದುಕೊಳ್ಳಬೇಡಿ, ಲೆಕ್ಕದ ಪಟ್ಟಿ ಕೇಳಿ. ನಮ್ಮ ರಾಜ್ಯದ ಎಪಿಎಂಸಿ ಕಾನೂನಿನ ಪ್ರಕಾರ ದಲ್ಲಾಳಿಗೆ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಮಾಲು ತಂದ ರೈತನಲ್ಲ. ಇದು ಗೊತ್ತಿಲ್ಲದೆ ನಾನೇ ಎಷ್ಟೋ ವರ್ಷ ಕಡಿಸಿಕೊಂಡು ಬಂದಿದ್ದೇನೆ.

ಶಿಷ್ಯನೇ ಎದುರಾದಾಗ

ಎಂಟು ಹತ್ತು ವರ್ಷದ ಹಿಂದೆ ಪಕ್ಕದ ಹಳ್ಳಿಯ ಹುಡುಗನೊಬ್ಬ ಬಂದ. ಎರಡು ಸುಗ್ಗಿ ನನ್ನ ಜೊತೆಗೇ ಇದ್ದು ಎಲ್ಲ ಕಲಿತ. ಮೂರನೇ ವರ್ಷ ನಾನು ಯಾವಾಗಲೂ ಹಿಡಿಯುತ್ತಿದ್ದ ಒಂದು ತೋಪಿಗೆ ನನಗಿಂತ ಹೆಚ್ಚು ಕೊಟ್ಟು ಗುತ್ತಿಗೆ ಹಿಡಿದ. ಎರಡು ತಿಂಗಳು ನಾನು ಅವನ ಮುಖ ನೋಡಲಿಲ್ಲ. ಇನ್ನು ಯಾರಿಗೂ ಹೇಳಿಕೊಡಬಾರದು ಅಂತ ಮನೆಯಲ್ಲಿ ಹೇಳಿದೆ.

ಮನೆಯವಳು ಕೇಳಿದಳು: “ಅವನು ಹೆಚ್ಚಿಗೆ ಕೊಟ್ಟದ್ದು ಯಾರಿಗೆ? ಮರದವನಿಗೆ ತಾನೇ? ನಮ್ಮ ಮರ ಕಮ್ಮಿಗೆ ಹೋಗ್ತಿದ್ದಾಗ ನೀವೇ ಬೈಕೊಳ್ತಿದ್ರಲ್ಲ?”

ನನ್ನಲ್ಲಿ ಉತ್ತರ ಇರಲಿಲ್ಲ. ಕುಳಿತು ಯೋಚಿಸಿದೆ. ತೋಪಿನ ಯಜಮಾನನಿಗೆ ನಾನು ಕೊಡುತ್ತಿದ್ದ ರೇಟು ಮೋಸದ್ದಲ್ಲ, ಆದರೆ ನ್ಯಾಯದ್ದೂ ಆಗಿರಲಿಲ್ಲ. ಅವನಿಗೆ ಲೆಕ್ಕ ಗೊತ್ತಿಲ್ಲ ಎಂಬುದರ ಮೇಲೆ ನನ್ನ ಲಾಭ ನಿಂತಿತ್ತು. ಮೊದಲು ನಮ್ಮ ಮರ ಹಿಡಿಯುತ್ತಿದ್ದ ಗುತ್ತಿಗೆಯವನು ಮಾಡಿದ್ದೂ ಅದನ್ನೇ.

ಕಲಿಸಿದ್ದರಿಂದ ನನಗೇನು ಸಿಕ್ಕಿತು?

ಧರ್ಮಕ್ಕೆ ಮಾಡುತ್ತೇನೆ ಎಂದರೆ ಸುಳ್ಳಾದೀತು. ನನಗೂ ಲಾಭವಿದೆ.

ಹತ್ತು ಚೀಲ ಹಣ್ಣು ಇಟ್ಟುಕೊಂಡವನ ಮನೆ ಬಾಗಿಲಿಗೆ ದೊಡ್ಡ ಖರೀದಿದಾರ ಬರುವುದಿಲ್ಲ. ಏಳೆಂಟು ಜನ ಸೇರಿ ಒಂದು ಲಾರಿ ಲೋಡು ಆಗುತ್ತದೆ ಅಂದರೆ ಅವನೇ ಫೋನ್ ಮಾಡುತ್ತಾನೆ. ಈಗ ನಾನು, ಆ ಹುಡುಗ, ಇನ್ನೂ ಆರು ಜನ ಒಟ್ಟಿಗೆ ಹಿಂದೂಪುರಕ್ಕೋ ತುಮಕೂರಿಗೋ ಮಾಲು ಕಳಿಸುತ್ತೇವೆ. ಗಾಡಿ ಬಾಡಿಗೆ ಹಂಚಿಹೋಗುತ್ತದೆ. ಒಂದು ಕಡೆ ರೇಟು ಬಿದ್ದಿದ್ದರೆ ಇನ್ನೊಂದು ಕಡೆಗೆ ಹೋಗುವ ಧೈರ್ಯ ಬರುತ್ತದೆ.

ಇನ್ನೊಂದು, ಒಂದು ಊರಿನ ಹಣ್ಣು ಎಂದರೆ ಮಂಡಿಯಲ್ಲಿ ಎಲ್ಲರದ್ದೂ ಒಂದೇ ಹೆಸರು. ಒಬ್ಬ ಬೀಜ ಉಳಿಸಿ, ನೀರು ಚಿಮುಕಿಸಿ ತಂದರೆ ಮುಂದಿನ ವಾರ ನನ್ನ ಚೀಲಕ್ಕೂ ಅನುಮಾನದಿಂದ ಕೈಹಾಕುತ್ತಾರೆ. ಪಕ್ಕದವನಿಗೆ ಚೆನ್ನಾಗಿ ಒಣಗಿಸುವುದನ್ನು ಕಲಿಸಿದರೆ ಉಳಿಯುವುದು ನನ್ನ ಹೆಸರೂ ಹೌದು.

ಎಲ್ಲಕ್ಕಿಂತ ದೊಡ್ಡದು ಮರ. ನಮ್ಮ ಕಡೆ ಬರಗಾಲ ಬಂದಾಗ ಹುಣಸೆ ಮರಗಳನ್ನು ಇಟ್ಟಿಗೆ ಗೂಡಿನ ಸೌದೆಗೆ ಮಾರುತ್ತಿದ್ದರು. ವರ್ಷಕ್ಕೆ ಒಂದು ಮರ ಎಷ್ಟು ದುಡಿಯುತ್ತದೆ ಎಂದು ಗೊತ್ತಿಲ್ಲದವನು ಕೊಡಲಿಗೆ ಕೊಡುತ್ತಾನೆ. ಲೆಕ್ಕ ಕಲಿತವನು ಕೊಡುವುದಿಲ್ಲ. ನನ್ನ ಹತ್ತಿರ ಲೆಕ್ಕ ಕಲಿತು ಹೋದವರಲ್ಲಿ ಒಬ್ಬರೂ ಆಮೇಲೆ ಮರ ಕಡಿಸಿದ್ದನ್ನು ನಾನು ನೋಡಿಲ್ಲ. ಮರವೇ ಹೋದರೆ ನನ್ನ ವ್ಯಾಪಾರ ಎಲ್ಲಿಂದ ಬಂತು?

ಕ್ಲಾಸು ಮಾಡಿ ಕಲಿಸುವವರೂ ಇದ್ದಾರೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಹಳ್ಳಿ ಹುಡುಗರಿಗೆ ಊಟ ವಸತಿ ಕೊಟ್ಟು ಪುಕ್ಕಟೆ ಸ್ವಉದ್ಯೋಗ ತರಬೇತಿ ಕೊಡುತ್ತ ಬಂದಿದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಈಗ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರ ನಡೆಸುತ್ತವೆ. ಹೋಗಿಬನ್ನಿ, ಒಳ್ಳೆಯದೇ. ಆದರೆ ಯಾವ ಮರದ ಕಾಯಿಗೆ ಹುಳು ಬೀಳುತ್ತದೆ, ಯಾವ ಮಂಡಿಯವನ ಮಾತು ಮಾತಾಗಿ ಉಳಿಯುತ್ತದೆ ಎಂಬುದನ್ನು ಅದೇ ದಾರಿಯಲ್ಲಿ ನಡೆದವನೇ ಹೇಳಬೇಕು.

ನನ್ನ ಕರಾರು

ಕಲಿಯಲು ಬರುವವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೂರು ಮಾತು ಕೇಳುತ್ತೇನೆ. ಮೂರು ದಿನ ಹೆಂಗಸರ ಜೊತೆ ಕೂತು ಹಣ್ಣು ಕುಟ್ಟಬೇಕು. ಕುಟ್ಟದವನಿಗೆ ಕೂಲಿಯ ಬೆಲೆ ತಿಳಿಯದು. ಮೊದಲ ವರ್ಷ ಸಾಲ ಮಾಡಬಾರದು, ಸ್ವಂತ ಮರದ ಹಣ್ಣನ್ನಷ್ಟೇ ಮಾರಬೇಕು. ಸುಗ್ಗಿ ಮುಗಿದ ಮೇಲೆ ತನ್ನ ಲೆಕ್ಕದ ಪುಸ್ತಕ ತಂದು ನನಗೆ ತೋರಿಸಬೇಕು, ನಷ್ಟವಾಗಿದ್ದರೂ ಸರಿ.

ಆ ಹುಡುಗನೂ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಪುಸ್ತಕ ತರುತ್ತಾನೆ. ಹೋದ ಸುಗ್ಗಿಯಲ್ಲಿ ಅವನ ಲೆಕ್ಕ ನೋಡಿಯೇ ನನಗೆ ಗೊತ್ತಾಯಿತು, ಚೀಲಕ್ಕೆ ನಾನು ಅವನಿಗಿಂತ ಹೆಚ್ಚು ಕೊಡುತ್ತಿದ್ದೇನೆ ಅಂತ. ಈ ಸಲ ಚೀಲ ಇಬ್ಬರೂ ಒಟ್ಟಿಗೆ ತರಿಸುತ್ತಿದ್ದೇವೆ.

ಮರ ಇದ್ದವರು ಈ ಸಲ ಗುತ್ತಿಗೆಗೆ ಹೂಂ ಅನ್ನುವ ಮೊದಲು ಒಂದೇ ಒಂದು ಮರದ ಕಾಯಿಯನ್ನು ನೀವೇ ಉದುರಿಸಿ, ತೂಗಿ, ಕುಟ್ಟಿ, ಮತ್ತೆ ತೂಗಿ ನೋಡಿ. ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಪಕ್ಕದ ಹೊಲದವರಿಗೂ ಹೇಳಿ.