ಬೇಲಿಯ ಎತ್ತರವಲ್ಲ, ಓಟದ ವೇಗ

2023ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಳಿಯ ಏಂಟ್ರಿ ರೇಸ್‌ಕೋರ್ಸ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ಓಟ ಶುರುವಾದ ಕೆಲವೇ ಕ್ಷಣಗಳಲ್ಲಿ ಹಿಲ್ ಸಿಕ್ಸ್‌ಟೀನ್ ಎಂಬ ಕುದುರೆ ಮೊದಲ ಬೇಲಿಯಲ್ಲೇ ಬಿದ್ದು ಪ್ರಾಣ ಬಿಟ್ಟಿತು. 2019ರಲ್ಲಿ ಅಪ್ ಫಾರ್ ರಿವ್ಯೂ ಎಂಬ ಕುದುರೆ ಸತ್ತದ್ದೂ ಇದೇ ಬೇಲಿಯಲ್ಲಿ. ಈ ಓಟದ ಅತಿ ಎತ್ತರದ ಬೇಲಿ ಇದಲ್ಲ. 'ದಿ ಚೇರ್' ಎಂದು ಹೆಸರಾದ, 1.57 ಮೀಟರ್ ಎತ್ತರದ ಬೇಲಿ ಬರುವುದು ಬಹಳ ಮುಂದೆ. ಕುದುರೆಗಳು ಮೈಯಲ್ಲಿ ಪೂರ್ತಿ ಕಸುವಿರುವಾಗ ಎದುರಿಸುವ ಸಾಧಾರಣ ಎತ್ತರದ ಬೇಲಿಯೇ ಎರಡು ಬಲಿ ತೆಗೆದುಕೊಂಡದ್ದು ಹೇಗೆ?

ಬೆಂಗಳೂರು, ಮೈಸೂರಿನಲ್ಲಿ ನಡೆಯುವುದು ಅಡೆತಡೆಯಿಲ್ಲದ ಬಯಲಿನ ಓಟ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಅದರ ಜೊತೆಗೆ ಬೇಲಿ ಹಾರುವ ಓಟವೂ ದೊಡ್ಡ ಉದ್ಯಮ. 1839ರಿಂದ ಲೆಕ್ಕಕ್ಕೆ ಸಿಗುವ ಗ್ರ್ಯಾಂಡ್ ನ್ಯಾಷನಲ್ ಅದರ ಶಿಖರ. ಓಟದ ಉದ್ದ ಸುಮಾರು 6.9 ಕಿಲೋಮೀಟರ್. ಇರುವ 16 ಬೇಲಿಗಳಲ್ಲಿ 14ನ್ನು ಎರಡೆರಡು ಸಲ ಹಾರಬೇಕು, ಒಟ್ಟು 30 ನೆಗೆತ.

ಇದನ್ನು ತಾಳಿಕೊಳ್ಳಬೇಕಾದ ಕಾಲು ಎಂಥದು ಎಂದು ನೋಡಬೇಕು. ಕುದುರೆಯ ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ನಿಜವಾಗಿ ಅದರ ಮಣಿಕಟ್ಟು. ಅಲ್ಲಿಂದ ಕೆಳಗಿರುವುದು ಒಂದೇ ಒಂದು ಬೆರಳು, ನಮ್ಮ ನಡುಬೆರಳಿಗೆ ಸಮನಾದದ್ದು. ಗೊರಸು ಆ ಬೆರಳಿನ ಉಗುರು. ಮಣಿಕಟ್ಟಿನ ಕೆಳಗೆ ಹೇಳಿಕೊಳ್ಳುವಂಥ ಮಾಂಸಖಂಡವೇ ಇಲ್ಲ. ಮೂಳೆ, ಸ್ನಾಯುರಜ್ಜು, ತೆಳು ಚರ್ಮ ಅಷ್ಟೆ. ಕಾಲು ಹಗುರವಾದಷ್ಟೂ ಬೀಸಿ ಓಡುವುದು ಸುಲಭ. ಕಾಲಿನ ಹಿಂಬದಿಯ ರಜ್ಜು ಪ್ರತಿ ಹೆಜ್ಜೆಗೂ ಸ್ಪ್ರಿಂಗ್‌ನಂತೆ ಹಿಗ್ಗಿ, ಶಕ್ತಿ ತುಂಬಿಕೊಂಡು, ಮರುಕ್ಷಣ ಅದನ್ನು ಹಿಂದಿರುಗಿಸುತ್ತದೆ. ನಾಗಾಲೋಟದಲ್ಲಿ ಅದರ ಒಳಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಓಟದ ಕುದುರೆಯ ತೂಕ ಸುಮಾರು 500 ಕಿಲೋ. ನಾಗಾಲೋಟದಲ್ಲಿ ಒಂದು ಮುಂಗಾಲಿನ ಮೇಲೆ ಅದರ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಬೇಲಿ ಹಾರಿ ಇಳಿಯುವಾಗ ಎರಡು ಮುಂಗಾಲೂ ಒಟ್ಟಿಗೆ ನೆಲ ಮುಟ್ಟುವುದಿಲ್ಲ. ಮೊದಲು ಊರಿದ ಒಂದೇ ಗೊರಸು ಇಡೀ ಮೈಯನ್ನು ಹೊರಬೇಕು.

ಮುರಿದ ಕಾಲನ್ನು ಕೂಡಿಸುವುದು ಕಷ್ಟವಾಗುವುದೂ ಈ ರಚನೆಯಿಂದಲೇ. ವಾರಗಟ್ಟಲೆ ಮಲಗಿರುವುದು ಕುದುರೆಗೆ ಆಗದ ಮಾತು. ನೋವಿನ ಕಾಲನ್ನು ಎತ್ತಿಕೊಂಡು ನಿಂತರೆ ಉಳಿದ ಕಾಲುಗಳ ಗೊರಸಿನೊಳಗಿನ ಅಂಗಾಂಶಕ್ಕೆ ಉರಿಯೂತ ಬಂದು ಗೊರಸು ಮೂಳೆಯಿಂದ ಬಿಟ್ಟುಕೊಳ್ಳತೊಡಗುತ್ತದೆ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬಾರೋ, ಎರಡು ವಾರದ ನಂತರದ ಓಟದಲ್ಲಿ ಹಿಂಗಾಲು ಮುರಿದುಕೊಂಡಿತು. ತಿಂಗಳುಗಟ್ಟಲೆ ಅತ್ಯುತ್ತಮ ಚಿಕಿತ್ಸೆ ನಡೆದರೂ 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಅದನ್ನು ಸೋಲಿಸಿದ್ದು ಈ ಗೊರಸಿನ ರೋಗ.

ಇನ್ನು ಕಣ್ಣು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲಿನದು ಬಹುಪಾಲು ಕಂಡರೂ ಹಣೆಯ ನೇರ ಮುಂದಿನ ತುಸು ಜಾಗ ಕಾಣುವುದಿಲ್ಲ. ಬೇಲಿಯ ದೂರ, ಎತ್ತರಗಳ ಅಂದಾಜನ್ನು ಕೆಲವು ಹೆಜ್ಜೆ ಮೊದಲೇ ಮಾಡಿಕೊಳ್ಳಬೇಕು. ಬಣ್ಣದ ವಿಷಯದಲ್ಲಿ ಅದರ ನೋಟ ಕೆಂಪು-ಹಸಿರಿನ ಭೇದ ತಿಳಿಯದ ಮನುಷ್ಯರ ನೋಟಕ್ಕೆ ಹತ್ತಿರ. ಹಾಗಿದ್ದೂ ಬ್ರಿಟನ್ನಿನ ರೇಸ್‌ಕೋರ್ಸ್‌ಗಳಲ್ಲಿ ಬೇಲಿಯ ಅಂಚು ತೋರಿಸುವ ಹಲಗೆಗಳಿಗೆ ದಶಕಗಳ ಕಾಲ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ಮನುಷ್ಯನ ಕಣ್ಣಿಗೆ ಹೊಡೆಯುವ ಆ ಬಣ್ಣ ಹಸಿರು ಹುಲ್ಲಿನ ನಡುವೆ ಕುದುರೆಗೆ ಮಂಕಾಗಿ ಕಾಣುತ್ತದೆಂದು ಎಕ್ಸೆಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಸ್ಟೀವನ್ಸ್ ಮತ್ತವರ ತಂಡ ತೋರಿಸಿಕೊಟ್ಟಿತು. ಬಿಳಿ, ಹೊಳೆವ ಹಳದಿಯಂಥ ಬಣ್ಣಗಳು ಹೆಚ್ಚು ಸ್ಪಷ್ಟ. ಬಣ್ಣ ಬದಲಾದಾಗ ಕುದುರೆ ನೆಗೆಯುವ ರೀತಿಯೂ ಬದಲಾಯಿತು. 2022ರಿಂದ ಬ್ರಿಟನ್ನಿನಲ್ಲಿ ಕಿತ್ತಳೆಯ ಜಾಗಕ್ಕೆ ಬಿಳಿ ಬರತೊಡಗಿತು. ಖರ್ಚು ಒಂದು ಡಬ್ಬಿ ಬಣ್ಣದ್ದು. ಕುದುರೆಯ ಕಣ್ಣಿನಿಂದ ನೋಡಬೇಕೆಂದು ಹೊಳೆಯಲು ಮಾತ್ರ ಇಷ್ಟು ಕಾಲ ಹಿಡಿಯಿತು.

ಏಂಟ್ರಿಯ ಬೇಲಿಗಳನ್ನು ಹಂತ ಹಂತವಾಗಿ ತಿದ್ದಿದ್ದಾರೆ. ಬೀಚರ್ಸ್ ಬ್ರೂಕ್ ಎಂಬ ಬೇಲಿಯಲ್ಲಿ ಇಳಿಯುವ ಕಡೆಯ ನೆಲ ಹಾರುವ ಕಡೆಗಿಂತ ತಗ್ಗು. 1989ರಲ್ಲಿ ಅಲ್ಲಿ ಎರಡು ಕುದುರೆ ಸತ್ತ ಮೇಲೆ ಇಳಿಯುವ ಕಡೆಯ ಕಾಲುವೆಯ ತಗ್ಗು ತುಂಬಿಸಿ ಇಳಿಜಾರನ್ನು ಕಡಿಮೆ ಮಾಡಿದರು. 2011 ಮತ್ತು 2012ರ ಓಟಗಳಲ್ಲಿ ಮತ್ತೆ ಎರಡೆರಡು ಸಾವಾದವು. 2013ರಲ್ಲಿ ಬೇಲಿಯೊಳಗಿನ ಗಟ್ಟಿ ಮರದ ಚೌಕಟ್ಟು ತೆಗೆದು, ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನಿಟ್ಟು, ಮೇಲೆ ಎಂದಿನಂತೆ ಸ್ಪ್ರೂಸ್ ಸೊಪ್ಪು ಹೊದಿಸಿದರು. ಕಾಲು ತಗುಲಿದರೆ ಈಗ ಬೇಲಿಯೇ ಬಾಗುತ್ತದೆ. 2013ರಿಂದ 2018ರವರೆಗಿನ ಆರು ಗ್ರ್ಯಾಂಡ್ ನ್ಯಾಷನಲ್ ಓಟಗಳಲ್ಲಿ ಒಂದು ಕುದುರೆಯೂ ಸಾಯಲಿಲ್ಲ.

ಆದರೆ ಹಾರಲು ಸುಲಭವಾದ ಬೇಲಿಯ ಕಡೆಗೆ ಜಾಕಿಗಳು ಇನ್ನಷ್ಟು ಜೋರಾಗಿ ಕುದುರೆ ಬಿಡಬಲ್ಲರು. ವೇಗ ಹೆಚ್ಚಿದಷ್ಟೂ ಅಂದಾಜಿಗೆ ಸಿಗುವ ಸಮಯ ಕಡಿಮೆ, ಬಿದ್ದರೆ ಪೆಟ್ಟು ಹೆಚ್ಚು. ಮೊದಲ ಬೇಲಿಯ ಗುಟ್ಟು ಇಲ್ಲಿದೆ. ಎಲ್ಲ ಕುದುರೆಗಳೂ ಒಟ್ಟಾಗಿ, ಒಳ್ಳೆಯ ಜಾಗ ಹಿಡಿಯುವ ಆತುರದಲ್ಲಿ, ಉದ್ದನೆಯ ನೇರ ದಾರಿಯಲ್ಲಿ ಮುನ್ನುಗ್ಗಿ ಬರುವುದು ಅದೊಂದಕ್ಕೇ.

ಗುಂಪೂ ಅಪಾಯವೇ. 2012ರಲ್ಲಿ ಸತ್ತ ಅಕಾರ್ಡಿಂಗ್ ಟು ಪೀಟ್ ತಾನಾಗಿ ಎಡವಲಿಲ್ಲ. ಎದುರಿಗೆ ಬಿದ್ದ ಇನ್ನೊಂದು ಕುದುರೆ ಅದನ್ನು ಕೆಡವಿತು. ಅದೇ ಓಟದಲ್ಲಿ ಸಿಂಕ್ರೊನೈಸ್ಡ್ ತನ್ನ ಸವಾರನನ್ನು ಕಳೆದುಕೊಂಡೂ ಉಳಿದವುಗಳ ಜೊತೆ ಓಡುತ್ತಾ ಹೋಗಿ, ಮುಂದಿನ ಬೇಲಿಯೊಂದರಲ್ಲಿ ಕಾಲು ಮುರಿದುಕೊಂಡಿತು. ಹಿಂಡಿನ ಪ್ರಾಣಿ ಹಿಂಡನ್ನು ಬಿಡುವುದಿಲ್ಲ. 1967ರಲ್ಲಂತೂ ಸವಾರನಿಲ್ಲದ ಕುದುರೆಯೊಂದು ಚಿಕ್ಕ ಬೇಲಿಯೊಂದರ ಮುಂದೆ ಅಡ್ಡ ಓಡಿ, ಹಿಂದೆ ಬಂದವೆಲ್ಲ ಒಂದರ ಮೇಲೊಂದು ಸಿಕ್ಕಿಕೊಂಡವು. ಬಹಳ ಹಿಂದಿದ್ದ ಫೊಯ್ನಾವನ್ ಸಂದಿ ನೋಡಿಕೊಂಡು ದಾಟಿ ಗೆದ್ದುಬಿಟ್ಟಿತು. ಆ ಬೇಲಿಗೆ ಇಂದು ಅದರದೇ ಹೆಸರು.

ಈ ಪಾಠಗಳೆಲ್ಲ 2024ರಲ್ಲಿ ಒಟ್ಟಿಗೆ ಜಾರಿಗೆ ಬಂದವು. ಓಡುವ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ವೇಗ ಏರುವ ಮೊದಲೇ ಎದುರಾಗಲೆಂದು ಮೊದಲ ಬೇಲಿಯನ್ನು ಸುಮಾರು 55 ಮೀಟರ್ ಹತ್ತಿರಕ್ಕೆ ತಂದರು. ಓಡುತ್ತಾ ಬಂದು ಗೆರೆ ದಾಟುವ ಬದಲು ನಿಂತಲ್ಲಿಂದ ಹೊರಡಬೇಕೆಂದರು. ಹನ್ನೊಂದನೆಯ ಬೇಲಿಯ ಎತ್ತರ ಎರಡು ಇಂಚು ತಗ್ಗಿತು. ನೆಲ ಗಟ್ಟಿಯಾಗುವ ಮುನ್ನವೇ ನೀರು ಹಾಯಿಸಿ ಮೆತ್ತಗಿಡುವುದು ಮೊದಲಿನಿಂದಲೂ ಇದ್ದ ರೂಢಿ. ಮೆತ್ತನೆಯ ನೆಲ ಗೊರಸಿನ ಏಟನ್ನು ತಾಳುವುದಲ್ಲದೆ ಓಟವನ್ನೂ ನಿಧಾನಿಸುತ್ತದೆ. ಆ ವರ್ಷ ಒಂದು ಕುದುರೆಯೂ ಮುಗ್ಗರಿಸಿ ಬೀಳಲಿಲ್ಲ. 21 ಕುದುರೆಗಳು ಗುರಿ ಮುಟ್ಟಿದವು, ಎಲ್ಲವೂ ಜೀವಂತ ಮರಳಿದವು.

ಒಂದು ವರ್ಷದ ಫಲಿತಾಂಶದಿಂದ ಸಮಸ್ಯೆ ಬಗೆಹರಿಯಿತು ಎನ್ನಲಾಗದು. 2025ರಲ್ಲಿ 13 ವರ್ಷದ ಸೆಲೆಬ್ರೆ ಡಾಲೆನ್ ಎಲ್ಲ ಬೇಲಿಗಳನ್ನೂ ಹಾರಿ, ಗುರಿಯತ್ತ ಸಾಗುವಾಗ ಕುಸಿದು, ಕೆಲವೇ ದಿನಗಳಲ್ಲಿ ಸತ್ತಿತು. ದಣಿದ ಕುದುರೆಯನ್ನು ನಿಲ್ಲಿಸದೆ ಮುಂದುವರಿಸಿದ್ದಕ್ಕಾಗಿ ಅದರ ಜಾಕಿಗೆ ನಿಷೇಧ ಹಾಕಲಾಯಿತು. ಬೇಲಿ ಎಷ್ಟೇ ಮೆತ್ತಗಾದರೂ ಇಂಥ ಸಾವನ್ನು ತಡೆಯದು. ಗೆಲ್ಲುವ ಆಸೆ ಇರುವ ಸವಾರನೊಬ್ಬನ ಮೇಲೆಯೇ ನಿಲ್ಲಿಸುವ ಹೊಣೆ ಹೊರಿಸುವುದೂ ನ್ಯಾಯವಲ್ಲ. ಓಟದುದ್ದಕ್ಕೂ ಜೊತೆಯಲ್ಲೇ ವಾಹನದಲ್ಲಿ ಸಾಗುವ ಪಶುವೈದ್ಯರಿಗೆ ಕಡೆಯ ಎರಡು ಬೇಲಿಗಳ ಮೊದಲೇ ಕುದುರೆಯನ್ನು ಓಟದಿಂದ ಹೊರಗೆ ಕರೆಸುವ ಅಧಿಕಾರ ಬೇಕು. 6.9 ಕಿಲೋಮೀಟರ್ ದೂರವನ್ನೇ ಕಡಿತಗೊಳಿಸುವ ಪ್ರಶ್ನೆಯನ್ನೂ ಏಂಟ್ರಿ ಈಗ ಎತ್ತಿಕೊಳ್ಳಬೇಕು.