ಗಡಿಯ ಸುಂಕದ ನಾಕಾಗಳ ಮೇಲೆ ದಾಳಿ: ಎರಡು ಸಂಸ್ಥಾನಗಳು, ಎರಡು ಉತ್ತರ

ನಮ್ಮ ಚರ್ಚುಗಳಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗುವುದು ವಾಡಿಕೆ. ಘಾಟಿ ಹತ್ತಿದರೆ ಇಂದು ಜಿಲ್ಲೆ ಮಾತ್ರ ಬದಲಾಗುತ್ತದೆ. 1947ರಲ್ಲಿ ಸರಕಾರವೇ ಬದಲಾಗುತ್ತಿತ್ತು. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅರಸೀಕೆರೆ, ಬೇಲೂರು, ಹಳೇಬೀಡುಗಳು ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್‌ಗಳಲ್ಲಿ ಹೈದರಾಬಾದ್ ನಿಜಾಮರ ಆಡಳಿತವಿತ್ತು.

ಮೈಸೂರಿನಲ್ಲಿ ಆ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಿತು. ಬಂಧನಗಳಾದವು, ಗೋಲಿಬಾರೂ ಆಯಿತು. ಆದರೆ ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಂದಕ್ಕೆ ಬಂದರು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅಲ್ಲಿಗೆ ಅದು ಮುಗಿಯಿತು.

ನಿಜಾಮರ ಸೀಮೆಯ ಕಥೆ ಬೇರೆ. ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ರಂದು ಸತ್ಯಾಗ್ರಹ ಆರಂಭಿಸಿತು. ಮುಖಂಡರು ಜೈಲು ಸೇರಿದಾಗ ಉಳಿದವರು ಗಡಿ ದಾಟಿ ಭಾರತದ ಭಾಗದಲ್ಲಿ ಶಿಬಿರ ಹಾಕಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಶಿಬಿರ ನಡೆಸಿದರು. ಅಲ್ಲಿಂದ ಹೊರಟ ಗುಂಪುಗಳ ಮುಖ್ಯ ಗುರಿಗಳಲ್ಲಿ ಒಂದು ಗಡಿಯ ಸುಂಕದ ನಾಕಾ.

ನಾಕಾವೇ ಏಕೆ? ನಿಜಾಮರ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಬ್ರಿಟಿಷರೊಡನೆ 1802ರಲ್ಲಿ ಆದ ಒಪ್ಪಂದದಲ್ಲೇ ಸರಕಿನ ಬೆಲೆಯ ಮೇಲೆ ಶೇ. 5ರ ಸುಂಕ ಎಂದು ಗೊತ್ತುಮಾಡಲಾಗಿತ್ತು. ಪಕ್ಕದೂರಿನ ಸಂತೆಗೆ ಹೋಗಿಬರುವ ರೈತನ ಗಾಡಿಯೂ ಅಲ್ಲಿ ನಿಲ್ಲಬೇಕು. ಹೈದರಾಬಾದಿನ ಅರಮನೆಯನ್ನು ಕಾಣದವನಿಗೂ ಸರಕಾರವೆಂದರೆ ಈ ನಾಕಾವೇ. ಅದನ್ನು ಸುಟ್ಟರೆ ಬೊಕ್ಕಸಕ್ಕೆ ನಷ್ಟ, ಜನರಿಗೆ ಧೈರ್ಯ. ಆದರೆ ನಾಕಾದಲ್ಲಿ ಕುಳಿತವರು ಸಂಬಳಕ್ಕೆ ದುಡಿಯುವ ಸಣ್ಣ ನೌಕರರು ಎಂಬುದನ್ನೂ ನಾವು ಮರೆಯಬಾರದು.

ಸರಕಾರ ಏನು ಮಾಡಿತು? 1947ರ ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತೇನೋ ನಿಜ. ಆದರೆ ಒಳಗೆ, ಪೊಲೀಸರ ಜೊತೆಗೆ ಕಾಸಿಂ ರಜ್ವಿಯ ರಜಾಕಾರರಿಗೆ ಕೈಬಿಟ್ಟಿತು. ದಾಳಿ ಮಾಡಿದವರು ರಾತ್ರಿಯೇ ಗಡಿ ದಾಟಿ ಶಿಬಿರ ಸೇರಬಹುದಿತ್ತು; ಸೇಡು ಬಿದ್ದದ್ದು ಹಳ್ಳಿಗಳ ಮೇಲೆ. ಮನೆಮಠ ಬಿಟ್ಟು ಬಂದ ನಿರಾಶ್ರಿತರಿಂದ ಗಡಿಯೂರುಗಳು ತುಂಬಿದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡವೇ ನಡೆಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮರು ಶರಣಾದರು. ಆ ದಿನವನ್ನು ಕಲ್ಯಾಣ ಕರ್ನಾಟಕದಲ್ಲಿ ಇಂದಿಗೂ ಉತ್ಸವವಾಗಿ ಆಚರಿಸುತ್ತಾರೆ. ಆಚರಣೆಯಲ್ಲಿ ಕಡಿಮೆ ಕೇಳಿಬರುವ ಇನ್ನೊಂದು ಸಂಗತಿಯಿದೆ. ರಜಾಕಾರರ ಪಾಪಕ್ಕೆ ಸಂಬಂಧವೇ ಇಲ್ಲದ ಅನೇಕ ಮುಸ್ಲಿಮರು ನಂತರದ ದಿನಗಳಲ್ಲಿ ಪ್ರಾಣ ಕಳೆದುಕೊಂಡರು. ನೆಹರೂ ಅವರು ಪಂಡಿತ ಸುಂದರಲಾಲ್ ನೇತೃತ್ವದ ತಂಡವನ್ನು ಕಳುಹಿಸಿ ವಿಚಾರಿಸಿದರು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

1956ರ ನವೆಂಬರ್ 1ರಂದು ನಮ್ಮ ದಕ್ಷಿಣ ಕನ್ನಡವೂ ಕೊಪ್ಪಳ, ರಾಯಚೂರುಗಳೂ ಅರಸೀಕೆರೆ, ಬೇಲೂರುಗಳಿದ್ದ ಮೈಸೂರು ರಾಜ್ಯಕ್ಕೆ ಒಂದೇ ದಿನ ಸೇರಿದವು.